ಇನ್ಸುಲಿನ್‌ಗೆ ಮಾತ್ರೆ ಏಕಿಲ್ಲ, ಕೊಲಾಜೆನ್ ಪುಡಿ ಏಕೆ ಬೇಡ

ದೊಡ್ಡಪ್ಪ, ಚಿಕ್ಕಮ್ಮ, ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸ್ಪೀಕರ್ ಹಾಕಿಕೊಂಡು ಕೈಗೆಲಸ ಮಾಡುತ್ತಲೇ ಕೇಳಿ. ದೊಡ್ಡಪ್ಪನ ದೂರು ಇದು: ಥೈರಾಯ್ಡ್‌ಗೆ ದೊಡ್ಡಮ್ಮ ಬೆಳಿಗ್ಗೆ ಎದ್ದು ಒಂದು ಮಾತ್ರೆ ನುಂಗಿದರೆ ಆಯಿತು, ನಾನು ಮಾತ್ರ ಸಕ್ಕರೆ ಕಾಯಿಲೆಗೆ ದಿನಾ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕೇ, ನೂರು ವರ್ಷದಿಂದ ನಿಮ್ಮ ವಿಜ್ಞಾನಿಗಳು ಮಾಡುತ್ತಿರುವುದಾದರೂ ಏನು? ಚಿಕ್ಕಮ್ಮ ಹಾಕಿದ್ದು ಕೊಲಾಜೆನ್ ಪುಡಿಯ ಜಾಹೀರಾತು. ಕುಡಿದರೆ ನೇರ ಮಂಡಿಗೇ ಹೋಗುತ್ತದಂತೆ, ಮುಖದ ಸುಕ್ಕೂ ಹೋಗುತ್ತದಂತೆ, ತರಿಸಲೇ ಎಂದು ಕೇಳಿದ್ದೀರಿ. ಕೇಳುವುದಕ್ಕೆ ಎರಡು ಪ್ರಶ್ನೆ, ಉತ್ತರ ಇರುವುದು ಮಾತ್ರ ಒಂದೇ ಕಡೆ: ಹೊಟ್ಟೆಯಲ್ಲಿ.

ಮೊದಲು ದೊಡ್ಡಮ್ಮನ ಮಾತ್ರೆ. ಅದರಲ್ಲಿರುವ ಥೈರಾಕ್ಸಿನ್ ಪುಟ್ಟ ಅಣು. ಪ್ರೋಟೀನನ್ನು ಜೀರ್ಣ ಮಾಡುವ ಕಿಣ್ವಗಳು ಹುಡುಕುವ ಕೊಂಡಿಯೇ ಅದರಲ್ಲಿಲ್ಲ, ಹಾಗಾಗಿ ಇದ್ದ ಹಾಗೆಯೇ ಕರುಳು ದಾಟಿ ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ಹಾಗಲ್ಲ, ಅದು ಪ್ರೋಟೀನ್, ಅಂದರೆ ಅಮೈನೋ ಆಮ್ಲ ಎಂಬ ಪುಟ್ಟ ಮಣಿಗಳನ್ನು ಪೋಣಿಸಿದ ಸರ. 21 ಅಮೈನೋ ಆಮ್ಲಗಳ ಒಂದು ಸರಪಳಿ, 30ರ ಇನ್ನೊಂದು, ಒಟ್ಟು 51. ಎರಡನ್ನೂ ಗಂಧಕದ ಕೊಂಡಿಗಳು ಹಿಡಿದಿಟ್ಟಿವೆ. ಈ ಸರಪಳಿಗಳು ಒಂದು ನಿರ್ದಿಷ್ಟ ರೀತಿಯಲ್ಲಿಯೇ ಮಡಚಿಕೊಂಡಿರಬೇಕು. ಹಾಗಿದ್ದಾಗ ಮಾತ್ರ ಜೀವಕೋಶದ ಹೊರಮೈಯಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಕೂರುತ್ತದೆ, ಸ್ನಾಯುಗಳು ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಆಕಾರ ಹೋಯಿತೆಂದರೆ ಕೆಲಸವೂ ಹೋಯಿತು. ಯಾವ ಅಮೈನೋ ಆಮ್ಲದ ಪಕ್ಕ ಯಾವುದಿದೆ ಎಂಬುದನ್ನು ಫ್ರೆಡರಿಕ್ ಸ್ಯಾಂಗರ್ ವರ್ಷಗಟ್ಟಲೆ ಕುಳಿತು ಬಿಡಿಸಿದರು, 1955ರ ಹೊತ್ತಿಗೆ ಪೂರ್ತಿಯಾಯಿತು, 1958ರಲ್ಲಿ ನೊಬೆಲ್ ಬಂತು. ಮಡಿಕೆಯ ಪೂರ್ತಿ ಚಿತ್ರ ಸಿಕ್ಕಿದ್ದು 1969ರಲ್ಲಿ, ಆಕ್ಸ್‌ಫರ್ಡ್‌ನ ಡೊರೊಥಿ ಹಾಡ್ಜ್‌ಕಿನ್ ಅವರ ತಂಡಕ್ಕೆ. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ದಶಕಗಳ ಕಾಲ ಕೆಲಸ ಮಾಡಿದರು.

ಇಂಥದ್ದನ್ನು ನುಂಗಿದರೆ ಏನಾಗುತ್ತದೆ? ಜಠರದ ಆಮ್ಲ ಮಡಿಕೆಯನ್ನು ಬಿಚ್ಚುತ್ತದೆ, ಪೆಪ್ಸಿನ್ ಎಂಬ ಕಿಣ್ವ ಸರಪಳಿಯನ್ನು ತುಂಡರಿಸುತ್ತದೆ, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮತ್ತು ಅದರ ಬಳಗ ಉಳಿದದ್ದನ್ನು ಪುಡಿ ಮಾಡುತ್ತದೆ. ಬಂದದ್ದು ಔಷಧಿಯೋ ತೊಗರಿಬೇಳೆಯೋ ಎಂದು ಹೊಟ್ಟೆ ವಿಚಾರಿಸುವುದಿಲ್ಲ. ಹೇಗೋ ಕಾಪಾಡಿಕೊಂಡು ಒಂದಿಷ್ಟು ಉಳಿಯಿತು ಎಂದುಕೊಳ್ಳಿ, ಅಷ್ಟು ದೊಡ್ಡ ಅಣುವಿಗೆ ಕರುಳಿನ ಗೋಡೆ ದಾಟುವುದು ಕಷ್ಟ. ದಾಟಿದರೂ ಇವತ್ತು ಇಷ್ಟು, ನಾಳೆ ಅಷ್ಟು. ಬೇರೆ ಔಷಧಿಯಲ್ಲಿ ಆ ವ್ಯತ್ಯಾಸ ನಡೆದೀತು, ಇನ್ಸುಲಿನ್‌ನಲ್ಲಿ ಸಕ್ಕರೆ ಕುಸಿದು ಮನುಷ್ಯ ಎಚ್ಚರ ತಪ್ಪುತ್ತಾನೆ. ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ ದೊಡ್ಡಪ್ಪ, ಹೊಟ್ಟೆಯನ್ನು ಏಮಾರಿಸುವುದು ಅಷ್ಟು ಸುಲಭವಲ್ಲ.

ಅವರು ಸುಮ್ಮನಿಲ್ಲ ಎನ್ನುವುದಕ್ಕೆ ಸಾಕ್ಷಿ ನಿಮ್ಮ ಫ್ರಿಜ್‌ನಲ್ಲೇ ಇದೆ. ಮೊದಲಿನ ಇನ್ಸುಲಿನನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳುತ್ತಿದ್ದಿರಿ. ಈಗ ಡಾಕ್ಟರು ಬದಲಾಯಿಸಿಕೊಟ್ಟದ್ದರ ಮೇಲೆ ಲಿಸ್‌ಪ್ರೋ ಎಂದಿದೆಯಂತೆ, ಎಲೆಯ ಮುಂದೆ ಕೂರುವ ಹೊತ್ತಿಗೆ ತೆಗೆದುಕೊಂಡರೆ ಸಾಕು. ಕಾರಣ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಮಾಮೂಲಿ ಇನ್ಸುಲಿನ್ ಅಣುಗಳು ಬಾಟಲಿಯೊಳಗೆ ಸತುವನ್ನು ನಡುವೆ ಇಟ್ಟುಕೊಂಡು ಆರಾರು ಸೇರಿ ಗುಂಪು ಕಟ್ಟಿಕೊಂಡಿರುತ್ತವೆ. ಚುಚ್ಚಿದ ಮೇಲೆ ಗುಂಪು ಒಡೆದು ಒಂಟಿಯಾದರೇ ಕೆಲಸ ಶುರು, ಅದಕ್ಕೇ ಅರ್ಧ ಗಂಟೆ ಕಾಯಬೇಕು. ಲಿಸ್‌ಪ್ರೋದಲ್ಲಿ ದೊಡ್ಡ ಸರಪಳಿಯ 28 ಮತ್ತು 29ನೇ ಸ್ಥಾನದ ಪ್ರೋಲೀನ್, ಲೈಸೀನ್‌ಗಳನ್ನು ಪರಸ್ಪರ ಅದಲುಬದಲು ಮಾಡಿದರು. ಮಾಡಿದ್ದು ಅಷ್ಟೇ! ಅಣುಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಳ್ಳುವುದು ತಪ್ಪಿತು, ಬೇಗ ಒಂಟಿಯಾಗಿ ಬೇಗ ಕೆಲಸಕ್ಕೆ ಇಳಿಯುತ್ತವೆ. 1996ರಿಂದ ಬಳಕೆಯಲ್ಲಿದೆ. ಆದ್ದರಿಂದ ಇದನ್ನು ಚುಚ್ಚಿಕೊಂಡು ಆಮೇಲೆ ಧಾರಾವಾಹಿ ಮುಗಿಯಲಿ ಎಂದು ಊಟ ಮುಂದೂಡಬೇಡಿ.

ಇನ್ನೊಂದು ಮಾತು, ಮುಂದಿನ ವಾರ ಮದುವೆಗೆ ಹೊರಟಿದ್ದೀರಿ ಎಂದು ಹೇಳುತ್ತಿದ್ದೇನೆ. ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಶಾಖಕ್ಕೂ ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಳ್ಳೆಯದೆಂದು ಫ್ರೀಜರ್‌ಗೂ ತುರುಕಬೇಡಿ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡುವುದಕ್ಕೆ ಸರಿಯಾಗಿಯೇ ಕಂಡರೂ ಬಳಸಬಾರದು. ನಿಮ್ಮದು ನೀರಿನ ಹಾಗೆ ತಿಳಿಯಾಗಿರಬೇಕು, ಮಸುಕಾಗಿದ್ದರೆ ಅಥವಾ ಚೂರುಗಳು ತೇಲಿದರೆ ಎಸೆದುಬಿಡಿ.

ಈಗ ಚಿಕ್ಕಮ್ಮ. ಕೊಲಾಜೆನ್ ಕೂಡ ಪ್ರೋಟೀನೇ, ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜು, ಮಂಡಿಯ ಮೃದ್ವಸ್ಥಿ ಎಲ್ಲದರಲ್ಲೂ ಇದೆ. ಸುಮಾರು ಸಾವಿರ ಅಮೈನೋ ಆಮ್ಲಗಳ ಮೂರು ಸರಪಳಿಗಳು ಹಗ್ಗದ ಹುರಿಯಂತೆ ಹೆಣೆದುಕೊಂಡ ಉದ್ದನೆಯ ಅಣು ಅದು. ಪ್ರತಿ ಮೂರನೆಯದು ಗ್ಲೈಸೀನ್, ಏಕೆಂದರೆ ಹುರಿಯ ಒಳಮಗ್ಗುಲಿನ ಇಕ್ಕಟ್ಟಿನಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಅದೊಂದೇ ಹಿಡಿಸುತ್ತದೆ. ಈ ಮೂರೆಳೆಯ ರಚನೆಯನ್ನು 1954ರಲ್ಲಿ ಮುಂದಿಟ್ಟವರು ಮದರಾಸಿನ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ. ಅವರಿಗೆ ಒಳ್ಳೆಯ ಎಕ್ಸ್-ರೇ ಚಿತ್ರ ಕೊಟ್ಟದ್ದು ಕಾಂಗರೂ ಬಾಲದ ಸ್ನಾಯುರಜ್ಜು, ಸಿಕ್ಕಿದ್ದು ಅಲ್ಲೇ ಪಕ್ಕದ ಚರ್ಮ ಸಂಶೋಧನಾ ಸಂಸ್ಥೆಯಿಂದ. ರಾಮಚಂದ್ರನ್ ಕೂಡ ಮುಂದೆ ಬಂದು ಸೇರಿದ್ದು ಟಾಟಾ ಇನ್‌ಸ್ಟಿಟ್ಯೂಟನ್ನೇ.

ಆ ಹುರಿಯನ್ನು ಕುಡಿದರೆ ಹುರಿಯಾಗಿ ಮಂಡಿಗೆ ಹೋಗುವುದಿಲ್ಲ. ಡಬ್ಬಿಯಲ್ಲಿರುವುದನ್ನು ಕಾರ್ಖಾನೆಯಲ್ಲೇ ಕತ್ತರಿಸಿರುತ್ತಾರೆ, ಉಳಿದದ್ದನ್ನು ನಿಮ್ಮ ಹೊಟ್ಟೆ ಕತ್ತರಿಸುತ್ತದೆ. ಎರಡು ಮೂರು ಅಮೈನೋ ಆಮ್ಲಗಳ ಕೆಲವು ತುಣುಕುಗಳು ರಕ್ತಕ್ಕೆ ಸೇರುವುದು ನಿಜ, ಸುಳ್ಳು ಹೇಳುವುದಿಲ್ಲ. ಅವು ಚರ್ಮದ ಜೀವಕೋಶಗಳನ್ನು ಚುರುಕು ಮಾಡುತ್ತವೆ ಎನ್ನುವ ಅಧ್ಯಯನಗಳೂ ಇವೆ, ಆದರೆ ಹಲವಕ್ಕೆ ದುಡ್ಡು ಕೊಟ್ಟವರು ಪುಡಿ ಮಾರುವವರೇ. ನನಗಂತೂ ಅಷ್ಟು ದುಡ್ಡು ಸುರಿಯುವಷ್ಟು ನಂಬಿಕೆ ಬರುವುದಿಲ್ಲ. ನಿಮ್ಮ ದೇಹ ಕೊಲಾಜೆನನ್ನು ತಾನೇ ಹೆಣೆಯುತ್ತದೆ. ಬೇಕಾದ ಅಮೈನೋ ಆಮ್ಲಗಳು ಬೇಳೆ, ಹಾಲು, ಮೊಸರು, ಕಡಲೆಕಾಯಿಯಿಂದ ಬರುತ್ತವೆ. ಹುರಿ ಗಟ್ಟಿಯಾಗಲು ಸಿ ಜೀವಸತ್ವ ಬೇಕೇ ಬೇಕು. ಅದು ಸಿಗದೆ ಹಿಂದೆ ಹಡಗಿನವರಿಗೆ ಸ್ಕರ್ವಿ ಬಂದು ಒಸಡಿನಲ್ಲಿ ರಕ್ತ ಸುರಿಯುತ್ತಿತ್ತು. ನಿಮ್ಮ ಹಿತ್ತಿಲಲ್ಲಿ ನೆಲ್ಲಿಕಾಯಿ, ಸೀಬೆ ಎರಡೂ ಉದುರಿ ಹಾಳಾಗುತ್ತಿವೆ.

ಇನ್ನು ಜಾಹೀರಾತಿನಲ್ಲಿ ಬರೆಯದ ಸಂಗತಿ. ಕೊಲಾಜೆನ್ ಸಿಗುವುದು ಪ್ರಾಣಿಗಳಲ್ಲಿ, ಗಿಡಗಳಲ್ಲಿ ಇಲ್ಲ. ಮಾರುಕಟ್ಟೆಯ ಪುಡಿ ಬಹುಪಾಲು ದನದ ಚರ್ಮ, ಹಂದಿಯ ಚರ್ಮ, ಮೀನಿನ ಚರ್ಮ ಮತ್ತು ಹುರುಪೆಯಿಂದ ಮಾಡಿದ್ದು. ಏಕಾದಶಿಗೆ ಈರುಳ್ಳಿಯನ್ನೂ ಮುಟ್ಟದ ನೀವು ಅದನ್ನು ಬೆಳಿಗ್ಗೆ ಹಾಲಿಗೆ ಕಲಸಿಕೊಂಡು ಕುಡಿಯುತ್ತೀರಾ? ಹಸಿರು ಚುಕ್ಕೆ ಇದ್ದು ‘ವೆಜ್ ಕೊಲಾಜೆನ್’ ಎಂದು ಬರೆದಿದ್ದರೆ ಸಾಮಾನ್ಯವಾಗಿ ಒಳಗೆ ಕೊಲಾಜೆನ್ನೇ ಇರುವುದಿಲ್ಲ, ಒಂದಿಷ್ಟು ಅಮೈನೋ ಆಮ್ಲ ಮತ್ತು ಸಿ ಜೀವಸತ್ವ ಇರುತ್ತದೆ. ಆರ್ಡರ್ ಮಾಡುವ ಮೊದಲು ಡಬ್ಬಿಯ ಹಿಂಬದಿಯ ಫೋಟೋ ಇಲ್ಲಿ ಹಾಕಿ, ಓದಿ ಹೇಳುತ್ತೇನೆ. ಮಂಡಿ ನೋವು ಮಾತ್ರ ಪುಡಿಗೆ ಬಿಟ್ಟು ಕೂರುವ ವಿಷಯವಲ್ಲ, ಮೂಳೆ ಡಾಕ್ಟರಿಗೆ ಶನಿವಾರ ತೋರಿಸೋಣ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.