ಪದಚರ್ಚೆ: ‘ಇಂಪೀರಿಯಲ್ ಫೆಡರೇಷನ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,
ಕೆನಡಾದ ಶಿಕ್ಷಣತಜ್ಞ ಜಾರ್ಜ್ ರಾಬರ್ಟ್ ಪಾರ್ಕಿನ್ (1846–1922) ಅವರ ಕಿರುಪರಿಚಯವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಫ್ರೆಡರಿಕ್ಟನ್ನಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಇವರು 1889ರಲ್ಲಿ, ಬ್ರಿಟನ್ನೂ ಅದರ ವಸಾಹತುಗಳೂ ಕೂಡಿ ನಿಲ್ಲಬೇಕೆಂದು ಪ್ರಚಾರ ಮಾಡುತ್ತಿದ್ದ ಇಂಪೀರಿಯಲ್ ಫೆಡರೇಷನ್ ಲೀಗಿನ ಪರವಾಗಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಸಂಚರಿಸಿ ಭಾಷಣ ಮಾಡಿದರು. ಕರಡಿನಲ್ಲಿ ‘ಸಾಮ್ರಾಜ್ಯ ಏಕೀಕರಣ ಸಂಘ’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ 1:
‘ಏಕೀಕರಣ’ ಸಲ್ಲದು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಸೀಮೆಗಳು 1956ರಲ್ಲಿ ಕೂಡಿ ಒಂದೇ ರಾಜ್ಯವಾದದ್ದನ್ನು ನಾವು ಆ ಪದದಿಂದ ಕರೆಯುತ್ತೇವೆ. ಪಾರ್ಕಿನ್ ಕೇಳಿದ್ದು ಅದಲ್ಲ. ಕೆನಡಾದಂಥ ವಸಾಹತುಗಳು ತಮ್ಮ ತಮ್ಮ ಶಾಸನಸಭೆಗಳನ್ನು ಉಳಿಸಿಕೊಂಡೇ ಸಾಮ್ರಾಜ್ಯದ ರಕ್ಷಣೆಯ ಹೊರೆಯನ್ನೂ ಅದರ ನೀತಿಯನ್ನು ನಿರ್ಧರಿಸುವ ಹಕ್ಕನ್ನೂ ಬ್ರಿಟನ್ನಿನೊಡನೆ ಹಂಚಿಕೊಳ್ಳಬೇಕೆಂಬುದು ಅವರ ವಾದವಾಗಿತ್ತು. 1892ರಲ್ಲಿ ಪ್ರಕಟವಾದ ಅವರ ಪುಸ್ತಕದ ತಿರುಳೂ ಇದೇ. ಇದಕ್ಕೆ ‘ಒಕ್ಕೂಟ’ವೇ ತಕ್ಕ ಪದ. ‘ಒರ್’ ಮತ್ತು ‘ಕೂಟ’ ಸೇರಿ ‘ಒಕ್ಕೂಟ’ವಾಗಿದೆ, ಒಕ್ಕಣ್ಣ, ಒಕ್ಕೊರಲು ಇವೂ ಅದೇ ಬಗೆಯವು. ಅಚ್ಚಗನ್ನಡದ ಪದ ಕೈಯಲ್ಲಿರುವಾಗ ಸಂಸ್ಕೃತಕ್ಕೆ ಕೈಚಾಚುವ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ 2:
‘ಸಾಮ್ರಾಜ್ಯ ಒಕ್ಕೂಟ’ ಎಂದರೆ ಶುದ್ಧ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಸಲ್ಲದ ಸಮಾಸ. ‘ಸಂಯುಕ್ತ ಸಾಮ್ರಾಜ್ಯ’ ಎನ್ನಿ. ಒಕ್ಕೂಟವೆಂದರೆ ಓದುಗನಿಗೆ ಮೊದಲು ನೆನಪಾಗುವುದು ಹಾಲು ಉತ್ಪಾದಕರ ಒಕ್ಕೂಟ.

ಉತ್ತರ 1 ಬರೆದವರಿಂದ:
‘ಸಾಮ್ರಾಜ್ಯದ ಒಕ್ಕೂಟ’ ಎಂದು ಷಷ್ಠೀ ವಿಭಕ್ತಿ ಹಚ್ಚಿದರೆ ಸಮಾಸವೇ ಇಲ್ಲ, ಇನ್ನು ಅರಿಸಮಾಸವೆಲ್ಲಿಂದ ಬಂತು? ‘ಸಂಯುಕ್ತ ಸಾಮ್ರಾಜ್ಯ’ ಎಂಬುದು ಆಗಲೇ ಕೂಡಿ ನಿಂತ ರಾಜ್ಯವನ್ನು ಹೇಳುತ್ತದೆ. 1884ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲೀಗ್ ಅಂಥ ಕೂಟವೊಂದು ಆಗಬೇಕೆಂದು ಪ್ರಚಾರ ಮಾಡಿ, ಅದು ಕೈಗೂಡದೆ 1893ರಲ್ಲಿ ವಿಸರ್ಜನೆಯಾಯಿತು. ಹಾಲಿನ ಒಕ್ಕೂಟ ನೆನಪಾದರೆ ತೊಂದರೆಯೇನು? ಅಲ್ಲಿಯೂ ಸದಸ್ಯ ಸಂಘಗಳು ತಮ್ಮತನ ಬಿಡದೆ ಕೂಡಿರುತ್ತವೆ.

ಉತ್ತರ 3:
ವ್ಯಾಕರಣದ ಜಗಳದಲ್ಲಿ ಒಂದು ಮುಖ್ಯ ಸಂಗತಿ ಮರೆತುಹೋಗುತ್ತಿದೆ. ಈ ಯೋಜನೆಯಲ್ಲಿ ಭಾರತಕ್ಕೆ ಸಮಾನ ಪಾಲುದಾರನ ಸ್ಥಾನವಿರಲಿಲ್ಲ. ಬರಿಯ ‘ಒಕ್ಕೂಟ’ ಎಂದರೆ ಸಾಮ್ರಾಜ್ಯದ ಎಲ್ಲರೂ ಸರಿಸಮನಾಗಿ ಕೂಡಿದರೆಂಬ ಭಾವ ಬರುತ್ತದೆ. ಕನ್ನಡ ಓದುಗರಿಗೆ ಹಾಗೆ ಹೇಳುವುದು ತಪ್ಪು. ‘ಸ್ವಯಮಾಡಳಿತವುಳ್ಳ ವಸಾಹತುಗಳು’ ಎಂಬ ವಿಶೇಷಣವನ್ನು ಬಿಡಬೇಡಿ. ಮುಸ್ಲಿಂ ಲೀಗನ್ನು ‘ಸಂಘ’ ಮಾಡದ ನಾವು ಇಲ್ಲಿಯೂ ‘ಲೀಗ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳೋಣ. ಎರವಲು ಪದವೆಂದರೆ ಸಿಡುಕುವವರು ‘ಸಾಮ್ರಾಜ್ಯ’ವೂ ಎರವಲೇ ಎಂಬುದನ್ನು ಗಮನಿಸಬೇಕು.

ಅಚ್ಚಿಗೆ ಈ ವಾಕ್ಯ ಹೊಂದುತ್ತದೆ: “ಬ್ರಿಟನ್ ಹಾಗೂ ಸ್ವಯಮಾಡಳಿತವುಳ್ಳ ವಸಾಹತುಗಳು ಸೇರಿದ ಸಾಮ್ರಾಜ್ಯದ ಒಕ್ಕೂಟಕ್ಕಾಗಿ ಪ್ರಚಾರ ಮಾಡಿದ ಪಾರ್ಕಿನ್, 1895ರಲ್ಲಿ ಟೊರಾಂಟೊದ ಅಪ್ಪರ್ ಕೆನಡಾ ಕಾಲೇಜಿನ ಪ್ರಾಂಶುಪಾಲರಾದರು, 1902ರಿಂದ ರೋಡ್ಸ್ ವಿದ್ಯಾರ್ಥಿವೇತನದ ವ್ಯವಸ್ಥೆಯನ್ನು ಕಟ್ಟಿದರು.”