ರಸವಿದ್ಯೆಗೂ ಆತ್ಮಸಾಧನೆಗೂ ಇರುವ ನಂಟು ಎಂಥದು?

ಪ್ರಶ್ನೆ:
ಸೀಸದಂಥ ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ರಸವಿದ್ಯೆಯ ಬಗ್ಗೆ ಓದುವಾಗ ಎರಡು ಬಗೆಯ ಮಾತುಗಳು ಎದುರಾಗುತ್ತವೆ. ಸೀಸವೆಂದರೆ ಅಜ್ಞಾನ, ಚಿನ್ನವೆಂದರೆ ಜ್ಞಾನ, ಕುಲುಮೆಯೆಂದರೆ ಸಾಧಕನ ಅಂತರಂಗ. ಹಾಗಾಗಿ ಇಡೀ ವಿದ್ಯೆಯೇ ಒಂದು ರೂಪಕ ಎಂದು ಕೆಲವರು ಹೇಳುತ್ತಾರೆ. ಅದು ರಸಾಯನಶಾಸ್ತ್ರದ ಎಳವೆಯಷ್ಟೇ, ಅಧ್ಯಾತ್ಮವನ್ನು ಆಮೇಲೆ ಹೊದಿಸಲಾಯಿತು ಎಂದು ಇನ್ನು ಕೆಲವರು ಹೇಳುತ್ತಾರೆ. ಬರಿಯ ರೂಪಕವಾಗಿದ್ದರೆ ಮೂಸೆ, ಯಂತ್ರ, ಕ್ಷಾರಗಳ ಅಷ್ಟೊಂದು ವಿವರ ಏಕೆ ಬೇಕಿತ್ತು? ಬರಿಯ ಲೋಹದ ಕೆಲಸವಾಗಿದ್ದರೆ ದೀಕ್ಷೆ, ಪೂಜೆಗಳು ಏಕೆ ಬೇಕಿದ್ದವು? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ:
ಭಾರತೀಯ ರಸತಂತ್ರದ, ಅಂದರೆ ಪಾದರಸವನ್ನು ಆಧರಿಸಿದ ನಮ್ಮ ರಸವಿದ್ಯೆಯ ಮಟ್ಟಿಗೆ ಹೇಳುವುದಾದರೆ ನೀವು ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ, ಅದು ದೇಹ. ‘ರಸಾರ್ಣವ’ವೆಂಬ ರಸತಂತ್ರದ ಗ್ರಂಥದಲ್ಲಿ ಶಿವನು ದೇವಿಗೆ ಹೇಳುವ ಪ್ರಕಾರ ಪಾದರಸವನ್ನು ಮೊದಲು ಲೋಹದ ಮೇಲೆ ಪರೀಕ್ಷಿಸಬೇಕು, ಅಲ್ಲಿ ಗೆದ್ದ ರಸವನ್ನೇ ದೇಹಕ್ಕೆ ಬಳಸಬೇಕು. ಅಂದರೆ ಚಿನ್ನ ರಸಸಾಧಕರ ಗುರಿಯಲ್ಲ, ರಸ ಪಕ್ವವಾಯಿತೆಂಬುದಕ್ಕೆ ಸಾಕ್ಷಿ. 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ದಲ್ಲಿ ಮಾಧವನು ಈ ರಸಸಾಧಕರ ಮತವಾದ ರಸೇಶ್ವರ ದರ್ಶನಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಉಳಿದ ದರ್ಶನಗಳು ದೇಹ ಬಿದ್ದ ಮೇಲೆ ಮುಕ್ತಿ ಎನ್ನುತ್ತವೆ, ಆದರೆ ಅದು ಅಂಗೈ ನೆಲ್ಲಿಯಂತೆ ಪ್ರತ್ಯಕ್ಷವಾಗುವುದಿಲ್ಲ. ಆದ್ದರಿಂದ ರಸದಿಂದ ದೇಹವನ್ನು ಕಾಪಾಡಿಕೊಂಡು ಬದುಕಿರುವಾಗಲೇ ಮುಕ್ತಿಯನ್ನು ಅನುಭವಿಸಬೇಕು ಎಂಬುದು ಅವರ ವಾದ. ಈ ವಾದದ ದಿಟ್ಟತನ ನನಗೆ ಬಹಳ ಹಿಡಿಸುತ್ತದೆ.

ಇನ್ನು ಕೆಲಸದ ರೀತಿಯನ್ನು ನೋಡಿ. ರಸಶಾಲೆಯಲ್ಲಿ ರಸಲಿಂಗವನ್ನು (ಪಾದರಸದಿಂದ ಮಾಡಿದ ಲಿಂಗವನ್ನು) ಪ್ರತಿಷ್ಠಾಪಿಸಿ ಪೂಜಿಸಿದ ಮೇಲೆಯೇ ಕೆಲಸ ಆರಂಭ. ಪಾದರಸ ಶಿವನ ವೀರ್ಯ, ಗಂಧಕ ದೇವಿಯ ರಜಸ್ಸು ಎಂಬುದು ನಂಬಿಕೆ. ಎರಡನ್ನೂ ಕಲ್ವದಲ್ಲಿ (ಔಷಧ ಅರೆಯುವ ಕಲ್ಲಿನಲ್ಲಿ) ಹಾಕಿ ಅರೆಯುತ್ತ ಹೋದರೆ ಬೆಳ್ಳಿಯಂತೆ ಹೊಳೆಯುವ ದ್ರವ ಕ್ರಮೇಣ ಕಾಡಿಗೆಯಂಥ ಕಪ್ಪು ಪುಡಿಯಾಗುತ್ತದೆ, ಇದೇ ಕಜ್ಜಲಿ. ಚಿಟಿಕೆ ಪುಡಿಗೆ ಒಂದು ಹನಿ ನೀರು ಸೇರಿಸಿ ಉಜ್ಜಿ, ಬಿಸಿಲಿಗೆ ಹಿಡಿದಾಗ ಒಂದು ಕಣವಾದರೂ ಮಿನುಗಿದರೆ ಮತ್ತೆ ಅರೆಯಬೇಕು. ಪಾದರಸಕ್ಕೆ ಹೇಳಿರುವ ಸಂಸ್ಕಾರಗಳು, ಅಂದರೆ ಅದನ್ನು ಹದಗೊಳಿಸುವ ಹಂತಗಳು 18. ಇಷ್ಟು ತಾಳ್ಮೆಯ ಕೆಲಸವನ್ನು ಜಪದಿಂದ ಬೇರ್ಪಡಿಸಿ ನೋಡುವುದು ಅವರಿಗೆ ಸಾಧ್ಯವೇ ಇರಲಿಲ್ಲ.

ಎರಡನೆಯ ಉತ್ತರ:
ನೀವು ಹೇಳುವ ‘ರೂಪಕ’ದ ವಾದ ಬಹುಮಟ್ಟಿಗೆ ಯೂರೋಪಿನಿಂದ ಬಂದದ್ದು. 1850ರಲ್ಲಿ ಮೇರಿ ಆನ್ ಅಟ್‌ವುಡ್ ಇಂಗ್ಲೆಂಡಿನಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದರು. 1944ರಲ್ಲಿ ಕಾರ್ಲ್ ಯೂಂಗ್ ರಸವಾದಿಗಳ ಚಿತ್ರಗಳನ್ನು ಮನಸ್ಸಿನ ಪರಿಪಾಕದ ಹಂತಗಳಾಗಿ ಓದಿದರು. ಯೂಂಗ್ ಅವರ ಓದು ಮನಶ್ಶಾಸ್ತ್ರವಾಗಿ ಬೆಲೆಯುಳ್ಳದ್ದೇ, ಆದರೆ ಇತಿಹಾಸವಾಗಿ ಅದನ್ನು ಒಪ್ಪುವುದು ಕಷ್ಟ. ಇತಿಹಾಸಕಾರ ಲಾರೆನ್ಸ್ ಪ್ರಿನ್ಸಿಪೆ ಹಳೆಯ ಗೂಢ ಬರಹಗಳ ವಿಧಾನಗಳನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದಾಗ ಗಾಜಿನ ಪಾತ್ರೆಯೊಳಗೆ ಚಿನ್ನ ಮತ್ತು ಪಾದರಸದ ಮಿಶ್ರಣ ಕೊಂಬೆರೆಂಬೆಗಳಾಗಿ ಬೆಳೆಯಿತು. ಹಳೆಯ ರಸವಾದಿಗಳು ವರ್ಣಿಸಿದ ‘ಮರ’ ಕಣ್ಣಾರೆ ಕಂಡದ್ದೇ ಆಗಿತ್ತು. ಹಾಗೆಂದು ಭಕ್ತಿ ಅಲ್ಲಿ ಇರಲಿಲ್ಲ ಎನ್ನಲಾಗದು. 17ನೆಯ ಶತಮಾನದ ರಸವಾದಿ ಜಾರ್ಜ್ ಸ್ಟಾರ್ಕಿ ತನ್ನ ಪ್ರಯೋಗದ ಟಿಪ್ಪಣಿಗಳಲ್ಲಿ ಹೊಸ ಶೋಧಗಳನ್ನು ದೇವರು ಕೊಟ್ಟದ್ದೆಂದು ಬರೆದುಕೊಳ್ಳುತ್ತಿದ್ದ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆದರೆ ದೇಹವನ್ನು ಗಟ್ಟಿ ಮಾಡಿಕೊಂಡರೆ ಮುಕ್ತಿ ಹತ್ತಿರವಾಗುತ್ತದೆ ಎಂಬುದನ್ನು ನಮ್ಮಲ್ಲಿ ಎಲ್ಲರೂ ಒಪ್ಪಿದ್ದರೇ?

ಮೂರನೆಯ ಉತ್ತರ:
ಒಪ್ಪಿರಲಿಲ್ಲ. ಶೂನ್ಯಸಂಪಾದನೆಯಲ್ಲಿ ಬರುವ ಅಲ್ಲಮ ಮತ್ತು ಗೋರಕ್ಷರ ಪ್ರಸಂಗವನ್ನು ಓದಿ. ಸಾಧನೆಯಿಂದ ವಜ್ರಕಾಯನಾದ ಸಿದ್ಧ ಗೋರಕ್ಷನ ಮೈಗೆ ಕತ್ತಿ ಬಿದ್ದಾಗ ಖಣಿಲೆಂಬ ಸದ್ದಾಗುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಕಾಯವನ್ನು ಉಳಿಸಿಕೊಳ್ಳುವ ಹಟವೇ ಒಂದು ಕಟ್ಟು ಎಂದು ಶರಣರು ಕಂಡುಕೊಂಡಿದ್ದರು, ನನಗೂ ಅದೇ ಸರಿ ಎನಿಸುತ್ತದೆ. ಚೀನಾದಲ್ಲಿಯೂ ಅಮೃತವೆಂದು ಸೇವಿಸಿದ ಗುಳಿಗೆಗಳು ಜೀವಕ್ಕೆ ಎರವಾದವು; 846ರಲ್ಲಿ ತೀರಿಕೊಂಡ ತಾಂಗ್ ಚಕ್ರವರ್ತಿ ವುಜೋಂಗ್ ಅಂಥ ಗುಳಿಗೆಗಳನ್ನು ಸೇವಿಸುತ್ತಿದ್ದವನು. ಮುಂದೆ ಅಲ್ಲಿ ಉಸಿರು ಮತ್ತು ಧ್ಯಾನಗಳಿಂದ ಒಡಲೊಳಗೇ ಪಾಕ ಮಾಡುವ ಆಂತರಿಕ ರಸವಿದ್ಯೆ ಪ್ರಬಲವಾಯಿತು. ಇದನ್ನೆಲ್ಲ ಓದಿ ಯಾರಾದರೂ ಪಾದರಸವನ್ನು ಕಾಯಿಸಿ ನೋಡಲು ಹೊರಟರೆ ದಯವಿಟ್ಟು ತಡೆಯಿರಿ, ಅದರ ಆವಿ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದೆಯೇ ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ನರಮಂಡಲವನ್ನು ಕೆಡಿಸುತ್ತದೆ.