ಹದಿನಾರು ಮೊಳದ ಕಿಲ್ಟ್

ಎಲ್ಲರಿಗೂ ನಮಸ್ಕಾರ. ಮೊನ್ನೆ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಒಬ್ಬ ಅಕ್ಕ ಕೇಳಿದ್ದರು. ಮಗನದು ಶಾಲೆಯ ಕೊನೆಯ ವರ್ಷ, ಪ್ರಾಮ್ ಅನ್ನೋ ಬೀಳ್ಕೊಡುಗೆಯ ಕುಣಿತದ ಸಂಜೆ ಹತ್ತಿರ ಬಂತು, ಗೆಳೆಯರೆಲ್ಲ ಕಿಲ್ಟ್, ಅಂದರೆ ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತುವ ನೆರಿಗೆಯ ಉಡುಪು, ಹಾಕುತ್ತಾರಂತೆ, ಇವನಿಗೂ ಬೇಕಂತೆ. ನಾವು ಹಾಕಬಹುದಾ, ಹಾಕಿದರೆ ಜೊತೆಗೆ ಏನೇನು ಬೇಕು ಅಂತ. ಅದಕ್ಕೆ ಒಬ್ಬರು "ಅದು ಅವರ ಬಟ್ಟೆ, ನಮಗ್ಯಾಕೆ, ಸೂಟ್ ಸಾಕು" ಅಂದರು. ಇನ್ನೊಬ್ಬರು "ಮೊದಲು ಪಂಚೆ ಉಡೋದು ಕಲಿಸಿ" ಅಂದರು. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಅಕ್ಕ, ಧಾರಾಳವಾಗಿ ಹಾಕಬಹುದು. ನನಗೂ ಅಳುಕು ಇತ್ತು. ನಮ್ಮ ಸೀರೆಯನ್ನು ಯಾರಾದರೂ ವೇಷದ ಹಾಗೆ ಸುತ್ತಿಕೊಂಡರೆ ನಮಗೆ ಕಸಿವಿಸಿ ಆಗುತ್ತದೆ, ಅಲ್ವಾ? ಎಡಿನ್‌ಬರೋದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಅವರ ಮುಖ ಅರಳಿತು. "ಹಾಕಲಿ, ಆದರೆ ಸರಿಯಾಗಿ ಹಾಕಲಿ" ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಇಲ್ಲಿನವರಿಗೆ ಈ ಬಟ್ಟೆಯ ಮೇಲೆ ಯಾಕಿಷ್ಟು ಪ್ರೀತಿ ಅನ್ನೋದು ಆಮೇಲೆ ಓದಿದಾಗ ತಿಳಿಯಿತು. 1746ರಲ್ಲಿ ಕಲೋಡನ್ ಯುದ್ಧದಲ್ಲಿ, ಹಳೆಯ ಸ್ಟುವರ್ಟ್ ರಾಜವಂಶವನ್ನು ಮತ್ತೆ ಗದ್ದುಗೆಗೆ ತರಲು ಹೋರಾಡಿದ ಜಾಕೊಬೈಟರು ಸೋತರು. ಅದೇ ವರ್ಷ ಲಂಡನ್ನಿನ ಪಾರ್ಲಿಮೆಂಟು ಸ್ಕಾಟ್ಲೆಂಡಿನ ಗಂಡಸರೂ ಹುಡುಗರೂ ಹೈಲ್ಯಾಂಡ್ಸ್ ಅನ್ನೋ ಗುಡ್ಡಗಾಡಿನ ಈ ಉಡುಪು ತೊಡಬಾರದು ಅಂತ ಕಾಯ್ದೆ ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು. ಎರಡನೇ ಸಲ 7 ವರ್ಷ ಗಡೀಪಾರು, ಅದೂ ಸಮುದ್ರದ ಆಚೆಗೆ. 1782ರಲ್ಲಿ ಕಾಯ್ದೆ ಹೋಯಿತು. ತೊಡುವ ಹಕ್ಕನ್ನೇ ಕಳೆದುಕೊಂಡಿದ್ದ ಬಟ್ಟೆಯನ್ನು ಹೊರಗಿನಿಂದ ಬಂದ ಹುಡುಗನೊಬ್ಬ ಆಸೆಯಿಂದ ಕೇಳಿದರೆ ಇಲ್ಲಿನವರಿಗೆ ಖುಷಿಯೇ ಆಗುತ್ತದೆ. ನಾನು ನೋಡಿದ್ದು ಅದೇ.

ಆ ನಿಷೇಧದಿಂದ ಸೈನ್ಯಕ್ಕೆ ಮಾತ್ರ ವಿನಾಯಿತಿ ಇತ್ತು. ಇಲ್ಲಿ ಕಥೆ ನಮ್ಮೂರಿನ ಕಡೆಗೂ ತಿರುಗುತ್ತದೆ. ಕಡುನೀಲಿ, ಹಸಿರು, ಕಪ್ಪು ಚೌಕಳಿಯ ಬ್ಲ್ಯಾಕ್ ವಾಚ್ ಅನ್ನೋ ಟಾರ್ಟನ್, ಅಂದರೆ ಕಿಲ್ಟ್‌ನ ಚೌಕಳಿ ವಿನ್ಯಾಸ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಯಾರು ಬೇಕಾದರೂ ಹಾಕುತ್ತಾರೆ. ಅದು ಬ್ರಿಟಿಷ್ ಸೈನ್ಯದ ಬ್ಲ್ಯಾಕ್ ವಾಚ್ ರೆಜಿಮೆಂಟಿನ ಟಾರ್ಟನ್. ಆ ರೆಜಿಮೆಂಟಿನ ಎರಡನೇ ಬೆಟಾಲಿಯನ್ನನ್ನು ಬೇರೆ ಮಾಡಿ 73ನೇ ರೆಜಿಮೆಂಟ್ ಕಟ್ಟಿದರು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವರಲ್ಲಿ ಆ 73ನೆಯದೂ ಇತ್ತು. ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ. ಇದನ್ನೆಲ್ಲ ಮಗನಿಗೆ ಹೇಳಿದೆ, ಬಚ್ಚಿಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಕಿಲ್ಟ್ ಹಾಕ್ತೀನಿ, ಇದು ಮಾತ್ರ ಬೇಡ" ಅಂದ. ಐಲ್ ಆಫ್ ಸ್ಕೈ ಅನ್ನೋ ದ್ವೀಪದ ಹೆಸರಿನ ಟಾರ್ಟನ್ ಆರಿಸಿದ. ಅಲ್ಲಿನ ಗುಡ್ಡದ ಹೀದರ್ ಹೂವಿನ ನೇರಳೆ, ಜೊತೆಗೆ ಹಸಿರು. ನಮ್ಮ ಮಕ್ಕಳ ಕಂದು ಮೈಬಣ್ಣಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ ನೋಡಿಯೇ ನಂಬಬೇಕು.

ಯಾವ ಟಾರ್ಟನ್ ಯಾರು ಹಾಕಬೇಕು ಅನ್ನೋ ಕಾನೂನು ಇಲ್ಲ. ನಮಗೆ ಕುಲದ ಟಾರ್ಟನ್ ಇಲ್ಲ ಅಂತ ಬೇಜಾರು ಬೇಡ. ಕುಲಕ್ಕೊಂದು ಟಾರ್ಟನ್ ಅನ್ನೋದು ಗಟ್ಟಿಯಾಗಿದ್ದೇ 1822ರಲ್ಲಿ 4ನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ ಮೇಲೆ. ಊರು, ಜಿಲ್ಲೆ, ದ್ವೀಪದ ಹೆಸರಿನ ಟಾರ್ಟನ್‌ಗಳು ಬೇಕಾದಷ್ಟಿವೆ. ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್ ಅಂತ ಸರ್ಕಾರದ್ದೇ ಪಟ್ಟಿ ಇದೆ. ಮಗನ ಜೊತೆ ಕೂತು ನೋಡಿ. ಅಬರ್ಡೀನ್‌ಗೂ ಅದರದ್ದೇ ಟಾರ್ಟನ್ ಇದೆ, ಕೆಂಪು ಜಾಸ್ತಿ ಇರೋದು.

ಈಗ ಅಳತೆ. ಅಕ್ಕ, ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ದೊಡ್ಡವರ ಪೂರ್ತಿ ಕಿಲ್ಟ್‌ಗೆ 8 ಗಜ ಉಣ್ಣೆ ಬಟ್ಟೆ ಹಿಡಿಯುತ್ತದೆ. ಅಂದರೆ 16 ಮೊಳ. ನಮ್ಮ ಅಜ್ಜಿ ಉಡುತ್ತಿದ್ದ ಹದಿನೆಂಟು ಮೊಳದ ಸೀರೆಗೆ ಎರಡೇ ಮೊಳ ಕಡಿಮೆ! ಅದರಲ್ಲಿ ಬಹುಪಾಲು ಹಿಂದೆ ನೆರಿಗೆಯಾಗಿ ಕೂರುತ್ತದೆ, ಮುಂದೆ ಮಾತ್ರ ಸಪಾಟು. ಈ ಭಾರ ಸೊಂಟದ ಮೂಳೆಯ ಮೇಲೆ ನಿಲ್ಲೋದಿಲ್ಲ. ಹೊಕ್ಕುಳಿನ ಮಟ್ಟಕ್ಕೆ, ನಾವು ಸೀರೆ ಸಿಕ್ಕಿಸುವ ಜಾಗದಲ್ಲೇ ಕಟ್ಟಬೇಕು. ನಾವು ಬಾಡಿಗೆಗೆ ಹೋದ ಮೊದಲ ಅಂಗಡಿಯಲ್ಲಿ ಅವನ ಪ್ಯಾಂಟಿನ ಸೊಂಟದ ಅಳತೆಯನ್ನೇ ಬರೆದುಕೊಂಡು ಕಳಿಸಿದರು. ಹಾಕಿ ನೋಡಿದರೆ ಕೆಳಗೆ ಜಾರಿ, ಅಂಚು ಮೊಣಕಾಲಿನ ಕೆಳಗೆ ಬಂದಿತ್ತು. ಹುಡುಗನ ಮುಖ ಸಪ್ಪಗಾಯಿತು. ಪ್ರಾಮ್‌ಗೆ ಇನ್ನು ನಾಲ್ಕೇ ದಿನ. ಬೇರೆ ಅಂಗಡಿಗೆ ಓಡಿದೆವು. ಅಲ್ಲಿದ್ದ ಹಿರಿಯರು ಟೇಪನ್ನು ಹೊಕ್ಕುಳಿನ ಸುತ್ತ ಹಿಡಿದು ಅಳೆದರು, ಆಮೇಲೆ ಅವನನ್ನು ಮಂಡಿಯೂರಿ ಕೂರಿಸಿದರು. ಅಂಚು ನೆಲದಿಂದ ಒಂದು ಇಂಚು ಮೇಲಿದ್ದರೆ ಸರಿ. ನಿಂತಾಗ ಮಂಡಿಚಿಪ್ಪಿನ ನಡುವಿಗೆ ಬರುತ್ತದೆ.

ಕಟ್ಟುವ ಕ್ರಮ: ಒಳಗಿನ ಸೆರಗು ಮೊದಲು, ಅದರ ಪಟ್ಟಿ ಎಡ ಸೊಂಟದ ಸೀಳಿನಿಂದ ಹೊರಗೆ ಬಂದು ಬಕಲ್‌ಗೆ ಹೋಗುತ್ತದೆ. ಮೇಲಿನ ಸೆರಗು ಎಡದಿಂದ ಬಲಕ್ಕೆ, ಬಲಗಡೆ ಬಕಲ್. ಬಿಟ್ಟ ಅಂಚು ಬಲಕ್ಕೇ ಇರಬೇಕು. ಕಿಲ್ಟ್ ಪಿನ್ ಆ ಅಂಚಿನ ಕೆಳಮೂಲೆಯಲ್ಲಿ, ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಎರಡೂ ಪದರ ಸೇರಿಸಿ ಚುಚ್ಚಿದರೆ ನಡೆಯುವಾಗ ಎಳೆದು ಬಟ್ಟೆ ಹರಿಯುತ್ತದೆ. ಕೂರುವಾಗ ಎರಡೂ ಕೈಯಿಂದ ಹಿಂದಿನ ನೆರಿಗೆ ಸವರಿಕೊಂಡು ಕೂರಬೇಕು, ಮೊಣಕಾಲು ಜೋಡಿಸಿ. ಇದನ್ನು ಮನೆಯಲ್ಲಿ ಕುರ್ಚಿ ಇಟ್ಟು ಹತ್ತು ಸಲ ಮಾಡಿಸಿ.

ಜೊತೆಯ ವಸ್ತುಗಳಲ್ಲಿ ಹುಡುಗರ ಕಣ್ಣು ಮೊದಲು ಹೋಗೋದು ಸ್ಪೋರನ್ ಮೇಲೆ. ಮುಂದೆ ಸರಪಳಿಯಲ್ಲಿ ತೂಗುವ ಚೀಲ ಅದು. ಕಿಲ್ಟ್‌ಗೆ ಜೇಬು ಇಲ್ಲವಲ್ಲ, ಫೋನು, ಬೀಗದ ಕೈ ಎಲ್ಲ ಅದರಲ್ಲೇ. ಸೊಂಟದ ಪಟ್ಟಿಯಿಂದ ಒಂದು ಅಂಗೈ ಅಗಲ ಕೆಳಗೆ ಇರಲಿ. ಸಮಾರಂಭದ ಸ್ಪೋರನ್‌ಗಳಿಗೆ ತುಪ್ಪಳ ಇರುತ್ತದೆ, ಕೆಲವಕ್ಕೆ ಸೀಲ್ ಪ್ರಾಣಿಯದು. ನಾವು ಸಸ್ಯಾಹಾರಿಗಳು, ಮಗನಿಗೆ ಅದು ಮನಸ್ಸಿಗೆ ಬರಲಿಲ್ಲ. ಕೃತಕ ತುಪ್ಪಳದ್ದು ಕೇಳಿದ, ಅಂಗಡಿಯವರು ಒಂದು ಮಾತೂ ಆಡದೆ ತಂದುಕೊಟ್ಟರು. ಮಕ್ಕಳು ಇಂಥದ್ದನ್ನು ಬಾಯಿಬಿಟ್ಟು ಕೇಳೋದು ಕಲಿಯಬೇಕು ಅಂತ ನನಗೆ ಅನ್ನಿಸುತ್ತದೆ.

ಕಾಲುಚೀಲದಲ್ಲಿ ಸಿಕ್ಕಿಸುವ ಸಣ್ಣ ಚೂರಿಗೆ ಸ್ಕೀಯನ್ ಡೂ ಅನ್ನುತ್ತಾರೆ. ರಾಷ್ಟ್ರೀಯ ಉಡುಪಿನ ಭಾಗವಾಗಿ ಇಟ್ಟುಕೊಳ್ಳಲು ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅವಕಾಶ ಇದೆ. ಆದರೂ ಶಾಲೆಯ ಕಾರ್ಯಕ್ರಮಕ್ಕೆ ನಿಜವಾದ ಚೂರಿ ಬೇಡವೇ ಬೇಡ. ಹಿಡಿ ಮಾತ್ರ ಇರುವ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಅದನ್ನೇ ಕೇಳಿ. ಊರಿಗೆ ಹೋಗುವಾಗ ನಿಜವಾದದ್ದು ಕೈಚೀಲದಲ್ಲಿ ಉಳಿದುಬಿಟ್ಟರೆ ವಿಮಾನ ನಿಲ್ದಾಣದಲ್ಲಿ ತೊಂದರೆ.

ಉಳಿದದ್ದು ಸುಲಭ. ಸಂಜೆಗೆ ಪ್ರಿನ್ಸ್ ಚಾರ್ಲಿ ಜಾಕೆಟ್, ಬೋ ಟೈ. ಮದುವೆಗೆ, ಹಗಲಿಗೆ ಆರ್ಗೈಲ್ ಜಾಕೆಟ್, ಸಾಮಾನ್ಯ ಟೈ. ಒಂದೇ ಜಾಕೆಟ್ ಕೊಳ್ಳುವುದಾದರೆ ಆರ್ಗೈಲ್ ಕೊಳ್ಳಿ, ಎಲ್ಲದಕ್ಕೂ ನಡೆಯುತ್ತದೆ. ಒಳಗೆ ವೇಸ್ಟ್‌ಕೋಟ್ ಹಾಕಿದರೆ ಬೆಲ್ಟ್ ಬೇಡ. ಕಾಲುಚೀಲ ಮಂಡಿಯ ಕೆಳಗೆ ಮಡಚಿ, ಬಣ್ಣದ ಫ್ಲ್ಯಾಷ್ ಪಟ್ಟಿ ಹೊರಮಗ್ಗುಲಿಗೆ ಕಾಣುವ ಹಾಗೆ. ಗಿಲ್ಲಿ ಬ್ರೋಗ್ ಬೂಟಿಗೆ ನಾಲಿಗೆ ಇಲ್ಲ, ಉದ್ದದ ಲೇಸನ್ನು ಕಣಕಾಲಿಗೆ ಸುತ್ತಿ ಕಟ್ಟಬೇಕು. ತೀರಾ ಮೇಲಕ್ಕೆ ಕಟ್ಟಿದರೆ ಕುಣಿಯುವಾಗ ಜಾರುತ್ತದೆ.

ಕುಣಿತ ಇದ್ದೇ ಇರುತ್ತದೆ. ಕೇಲಿ ಅಂದರೆ ಗೊತ್ತಲ್ಲ, ಶಾಲೆಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗೆ ಕಲಿಸುವ ಗುಂಪು ಕುಣಿತ. ಸ್ಟ್ರಿಪ್ ದ ವಿಲೋ ಕುಣಿಯುವ ಮೊದಲು ಸ್ಪೋರನ್ ಅನ್ನು ಪಕ್ಕಕ್ಕೆ ಸರಿಸಿಕೊಳ್ಳಲು ಹೇಳಿ.

ಒಳಗೆ ಏನು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬಾಡಿಗೆಯ ಕಿಲ್ಟ್, ಶಾಲೆಯ ಮಗು, ಒಳಉಡುಪು ಇರಲೇಬೇಕು. ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಅಂತಲೂ, ಯಾರಾದರೂ ಕಿಲ್ಟ್ ಎತ್ತಲು ಬಂದರೆ ಅದು ತಮಾಷೆ ಅಲ್ಲ, ಗಟ್ಟಿಯಾಗಿ ಬೇಡ ಅನ್ನು ಅಂತಲೂ ಮಗನಿಗೆ ಮೊದಲೇ ಹೇಳಿದ್ದೆ. ನೀವೂ ಹೇಳಿ. ಮುಜುಗರ ಪಟ್ಟುಕೊಂಡು ಬಿಟ್ಟುಬಿಡಬೇಡಿ.

ಬೆಳೆಯುವ ಹುಡುಗನಿಗೆ ಬಾಡಿಗೆಯೇ ಸಾಕು. ಎಡಿನ್‌ಬರೋದ ರಾಯಲ್ ಮೈಲ್ ಬೀದಿಯಲ್ಲಿ ಪ್ರವಾಸಿಗರಿಗೆ ಮಾರುವ ಅಗ್ಗದ ಅಕ್ರಿಲಿಕ್ ಕಿಲ್ಟ್, ಜನವರಿ 25ರಂದು ಇಲ್ಲಿನ ಕವಿ ಬರ್ನ್ಸ್ ಹೆಸರಿನ ದಿನ ಶಾಲೆಗೆ ಹೋಗುವ ಪುಟಾಣಿಗೆ ಚೆನ್ನ. ದೊಡ್ಡವನಿಗೆ ಅದರ ನೆರಿಗೆ ನಿಲ್ಲೋದಿಲ್ಲ. ಚ್ಯಾರಿಟಿ ಅಂಗಡಿಗಳಲ್ಲೂ ನೋಡುತ್ತಿರಿ, ನನ್ನ ಗಂಡನಿಗೆ ಒಳ್ಳೆಯ ಉಣ್ಣೆ ಕಿಲ್ಟ್ ಸಿಕ್ಕಿದ್ದು ಅಲ್ಲೇ.

ಇನ್ನು "ಮೊದಲು ಪಂಚೆ ಕಲಿಸಿ" ಅಂದ ಅಣ್ಣನಿಗೆ. ನಿಮ್ಮ ಮಾತು ನನಗೂ ಹಿಡಿಸಿತು. ನಮ್ಮ ಮನೆಯಲ್ಲಿ ಮಾತ್ರ ಅದು ತಿರುಗುಮುರುಗಾಗಿ ಆಯಿತು. ಅಲ್ಲಿಯವರೆಗೆ ಮಗ ಹಬ್ಬಕ್ಕೆ ವೆಲ್ಕ್ರೋ ಹಚ್ಚಿದ ರೆಡಿಮೇಡ್ ಪಂಚೆ ಹಾಕುತ್ತಿದ್ದ. ಪ್ರಾಮ್ ಆದ ಮೇಲೆ ಬಂದ ರಾಜ್ಯೋತ್ಸವಕ್ಕೆ "ಇದನ್ನೂ ಸರಿಯಾಗಿ ಉಡ್ತೀನಿ" ಅಂದ. ನಮ್ಮ ಮನೆಯವರಿಗೆ ಕಚ್ಚೆ ಹಾಕೋದು ಮರೆತೇಹೋಗಿತ್ತು. ಹಾಸನದಲ್ಲಿರುವ ನಮ್ಮ ಮಾವನಿಗೆ ವಿಡಿಯೋ ಕಾಲ್ ಮಾಡಿದೆವು. ಅವರು ಜಗುಲಿಯ ಮೇಲೆ ನಿಂತು ಎಂಟು ಮೊಳದ ಪಂಚೆ ಬಿಚ್ಚಿ, ನೆರಿಗೆ ಹಿಡಿದು, ಕಚ್ಚೆ ಸಿಕ್ಕಿಸಿ ತೋರಿಸಿದರು. ಮೂರು ಸಲ. ಆಮೇಲೆ "ಎಲ್ಲಿ, ನಿನ್ನ ಆ ಊರಿನ ಪಂಚೆ ತೋರಿಸು" ಅಂದರು. ಮಗ ಅಪ್ಪನ ಕಿಲ್ಟ್ ತಂದು ಹಿಂದಿನ ನೆರಿಗೆ ಬಿಡಿಸಿ ತೋರಿಸಿದ. ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ನೆರಿಗೆ ಎಣಿಸಿದರು.

ಅಕ್ಕ, ಮಗನ ಹೊಕ್ಕುಳಿನ ಸುತ್ತಳತೆ, ಅಲ್ಲಿಂದ ಮಂಡಿಚಿಪ್ಪಿನವರೆಗಿನ ಉದ್ದ ಬರೆದು ಕಳಿಸಿ. ಮಗನಿಗಾಗಿ ಆಮೇಲೆ ಕೊಂಡ ಸ್ಪೋರನ್, ಪಿನ್, ಫ್ಲ್ಯಾಷ್ ಇಲ್ಲೇ ಇವೆ. ಅಂಚೆಯಲ್ಲಿ ಕಳಿಸುತ್ತೇನೆ, ಪ್ರಾಮ್ ಮುಗಿದ ಮೇಲೆ ವಾಪಸ್ ಕಳಿಸಿದರೆ ಆಯಿತು. ಬೂಟು ಮಾತ್ರ 9ನೇ ಸೈಜು, ಅವನಿಗೆ ಆಗುತ್ತದಾ ನೋಡಿ.